ಯಹೂದಿ ಆಂಟಿಗೊಬ್ಬ ಕೌನ್ಸೆಲರ್

ತೊಂಬತ್ತರ ದಶಕದ ನಡುವೆ ಮೂರು ವರ್ಷ ನಾನು ಸಿಂಗಪುರದ ಬೆಡೋಕ್‌ನಲ್ಲಿ ಒಂದು ಖಾಸಗಿ ಕೌನ್ಸೆಲಿಂಗ್ ಕೇಂದ್ರದ ಮುಂದಿನ ಮೇಜಿನಲ್ಲಿ ಕೂತಿದ್ದೆ. ಕೆಳಗೆ ಹುರಿದ ಬಾತುಕೋಳಿಯ ಅಂಗಡಿ, ಅದರ ಪಕ್ಕದಲ್ಲಿ ಬೀಗದ ಕೈ ಮಾಡಿಕೊಡುವವನು, ಮೇಲಿನ ಮಹಡಿಯಲ್ಲಿ ನಾವು. ಮೈಸೂರಿನಲ್ಲಿ ನಾನು ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೆ. ಕೆಲಸ ಕೇಳಲು ಹೋದ ದಿನ ನಮ್ಮ ಡೈರೆಕ್ಟರ್ ಮೇಡಂ ಆ ಸರ್ಟಿಫಿಕೇಟನ್ನು ಎರಡೂ ಕಡೆ ತಿರುಗಿಸಿ ನೋಡಿ, "ತುಂಬಾ ಚೆನ್ನಾಗಿದೆ" ಎಂದು ಅದರ ಪ್ಲಾಸ್ಟಿಕ್ ಕವರಿಗೇ ಹಾಕಿ ವಾಪಸು ಕೊಟ್ಟರು. ಆಮೇಲೆ ಟೆಲಿಫೋನ್ ಎಲ್ಲಿದೆ ಎಂದು ತೋರಿಸಿದರು. ಆ ದೇಶದಲ್ಲಿ ನನ್ನ ಪದವಿಗೆ ಮಾನ್ಯತೆ ಇರಲಿಲ್ಲ. ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವುದಕ್ಕೆ ಮಾನ್ಯತೆ ಬೇಕಿರಲಿಲ್ಲ.

ನಾವು ಆಂಗ್ ಮೋ ಕಿಯೋದಲ್ಲಿ ಇದ್ದೆವು. ನನ್ನ ಗಂಡನಿಗೆ ಅಲ್ಲಿಯ ಇಂಡಸ್ಟ್ರಿಯಲ್ ಪಾರ್ಕಿನಲ್ಲಿ ಎಂಜಿನಿಯರ್ ಕೆಲಸ. ಬೆಳಿಗ್ಗೆ ಎರಡು ಎಮ್‌ಆರ್‌ಟಿ ರೈಲು ಬದಲಿಸಿ ನಾನು ಬೆಡೋಕ್ ತಲುಪುವಷ್ಟರಲ್ಲಿ ಬಾತುಕೋಳಿಯವನು ಮೊದಲ ಸಾಲನ್ನು ಕೊಕ್ಕೆಗೆ ನೇತುಹಾಕಿರುತ್ತಿದ್ದ. ಉಡುಪಿಯ ಅಪ್ಪಟ ಸಸ್ಯಾಹಾರಿ ಮನೆಯ ಹೆಣ್ಣುಮಗಳು ನಾನು, ಉಸಿರು ಬಿಗಿಹಿಡಿದು ಮೆಟ್ಟಿಲು ಹತ್ತಿ, ಮೇಲೆ ಹೋಗಿ, ಜನರಿಗೆ ದೀರ್ಘವಾಗಿ ಉಸಿರಾಡಿ ಎಂದು ಹೇಳುತ್ತಿದ್ದೆ.

ಆ ವರ್ಷ ನಮ್ಮ ಕೇಂದ್ರಕ್ಕೆ ಸಾಂಸ್ಕೃತಿಕ ಸೂಕ್ಷ್ಮತೆಯ ಹುಚ್ಚು ಹಿಡಿದಿತ್ತು. ಡೈರೆಕ್ಟರ್ ಮೇಡಂ ಯಾವುದೋ ಹೋಟೆಲಿನಲ್ಲಿ ನಡೆದ ಎರಡು ದಿನದ ತರಬೇತಿಗೆ ಹೋಗಿ ಬಂದವರು ಒಂದು ಚಾರ್ಟ್ ಮಾಡಿಸಿ, ಲ್ಯಾಮಿನೇಟ್ ಮಾಡಿಸಿ, ಕಾಫಿ ಕುಡಿಯುವ ಕೋಣೆಯಲ್ಲಿ ತೂಗುಹಾಕಿದರು. ಅದರಲ್ಲಿ ನಾಲ್ಕು ಸಾಲು. ಚೀನೀ ಕ್ಲೈಂಟ್ ಬಂದರೆ ಹೀಗೆ, ಮಲಯ್ ಕ್ಲೈಂಟ್ ಬಂದರೆ ಹಾಗೆ. ಮೂರನೆಯದು ನಮ್ಮದು: "ಭಾರತೀಯ ಕ್ಲೈಂಟ್: ಮೊದಲು ಅತ್ತೆಯ ಬಗ್ಗೆ ಕೇಳಿ." ನಾಲ್ಕನೆಯ ಸಾಲು "ಇತರೆ". ಅದರ ಮುಂದೆ "ಮುಕ್ತ ಮನಸ್ಸಿನಿಂದ ಕಾಣಿ" ಎಂದಷ್ಟೇ ಇತ್ತು.

ಚಾರ್ಟ್ ಬಂದ ವಾರವೇ ಕೌನ್ಸೆಲರ್‌ಗಳು ನನ್ನ ಮೇಲೆ ಅಭ್ಯಾಸ ಶುರು ಮಾಡಿದರು. ಕಾಫಿ ಮಾಡಲು ಹೋದರೆ ಸಾಕು, ಯಾರಾದರೊಬ್ಬರು ತಲೆಯನ್ನು ಒಂದು ಬದಿಗೆ ವಾಲಿಸಿ, ದನಿ ತಗ್ಗಿಸಿ, "ನಿಮ್ಮ ಅತ್ತೆ ಹೇಗಿದ್ದಾರೆ?" ಎನ್ನುತ್ತಿದ್ದರು. ನನಗೂ ಅತ್ತೆಗೂ ಇದ್ದ ಒಂದೇ ತಕರಾರೆಂದರೆ ಅವರು ಕಳಿಸುವ ಉಪ್ಪಿನಕಾಯಿ ಡಬ್ಬಿ ವಿಮಾನದಲ್ಲಿ ಸೋರುತ್ತದೆ ಎಂಬುದು. ಅದನ್ನು ಹೇಳಿದಾಗ ಅವರು ಅರ್ಥಪೂರ್ಣವಾಗಿ ತಲೆಯಾಡಿಸುತ್ತಿದ್ದರು. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎಂದು ಅವರಿಗೆ ಖಾತ್ರಿಯಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಒಂದು ಮಂಗಳವಾರ ಮಧ್ಯಾಹ್ನ ಆಂಟಿ ಬಂದರು. ಅವರ ಹೆಸರು ಬರೆಯುವುದಿಲ್ಲ. "ಬೇಕಾದ್ರೆ ಬರಿ, ಹೆಸರು ಮಾತ್ರ ಹಾಕಬೇಡ. ಹಾಕದೇ ಇದ್ರೂ ನಮ್ಮವರಿಗೆ ಗೊತ್ತಾಗುತ್ತೆ" ಎಂದು ಅವರೇ ಮುಂದೊಮ್ಮೆ ಹೇಳಿದ್ದುಂಟು. ಅರವತ್ತರ ಆಸುಪಾಸು, ಗಿಡ್ಡ ಆಳು, ಹೂವಿನ ಚಿತ್ತಾರದ ಫ್ರಾಕು, ಕೈಯಲ್ಲಿ ಉದ್ದನೆಯ ಕೊಡೆ. ನೆಲ ಒರೆಸುತ್ತಿದ್ದ ಮಲಯ್ ಹೆಂಗಸಿನೊಂದಿಗೆ ಮಲಯ್ ಭಾಷೆಯಲ್ಲೇ ಅವಳ ಮೊಣಕಾಲು ನೋವಿನ ವಿಚಾರಣೆ ಮುಗಿಸಿ ನನ್ನ ಮುಂದೆ ಕೂತರು. ಪಾರ್ಸಿ ಇರಬಹುದೇ, ಆಂಗ್ಲೋ ಇಂಡಿಯನ್ ಇರಬಹುದೇ ಎಂದು ನಾನು ಲೆಕ್ಕ ಹಾಕುತ್ತಾ ಫಾರಂ ಕೊಟ್ಟೆ. ಜನಾಂಗದ ಕಾಲಮ್ಮಿನಲ್ಲಿ ಅವರು ಓದದೆಯೇ "ಇತರೆ" ಎಂಬುದಕ್ಕೆ ಗುರುತು ಹಾಕಿದರು.

"ಜೀವಮಾನ ಪೂರ್ತಿ ಇದೇ ಬಾಕ್ಸ್," ಎಂದರು. "ಕಣ್ಣು ಮುಚ್ಕೊಂಡು ಟಿಕ್ ಮಾಡ್ತೀನಿ."

ನಮ್ಮ ಮಾತೆಲ್ಲ ಸಿಂಗಪುರದ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ನನ್ನ ಕಿವಿಯಲ್ಲಿ ಉಳಿದಿರುವುದು ಹೀಗೆ.

"ನಾನು ಯಹೂದಿ. ನಮ್ಮ ವಿಷಯ ಗೊತ್ತಿರೋ ಕೌನ್ಸೆಲರ್ ಯಾರಾದ್ರೂ ಇದಾರಾ ಇಲ್ಲಿ? ಸಿಗೋದು ಐವತ್ತು ನಿಮಿಷ. ಅದರಲ್ಲಿ ನಲವತ್ತು ನಿಮಿಷ ನಾನೇ ಪಾಠ ಮಾಡೋ ಹಾಗಿದ್ರೆ ಬೇಡ ಲಾ. ಮೂವತ್ತು ವರ್ಷ ಸ್ಕೂಲಲ್ಲಿ ಪಾಠ ಮಾಡಿ ರಿಟೈರ್ ಆಗಿದೀನಿ. ಸಾಕಾಗಿದೆ."

ನಿಜ ಹೇಳಬೇಕೆಂದರೆ, ಯಹೂದಿಗಳೆಂದರೆ ನನ್ನ ಪಾಲಿಗೆ ಪೇಪರಿನ ವಿದೇಶ ಪುಟದಲ್ಲಿ ಇರುವವರು. ಅವರು ಬೆಡೋಕ್‌ನ ಹನ್ನೊಂದನೇ ಮಹಡಿಯಲ್ಲಿ ಬಿದಿರು ಗಳಕ್ಕೆ ಬಟ್ಟೆ ಒಣಹಾಕುತ್ತಾರೆ ಎಂದು ಯೋಚಿಸಿದವಳೇ ಅಲ್ಲ. ಆದರೆ ಮುಂದಿನ ಮೇಜಿನಲ್ಲಿ ಕೂತವಳು ಇಲ್ಲ ಎನ್ನಬಾರದು ಎಂಬ ನಿಯಮವಿತ್ತು. "ನೋಡೋಣ ಆಂಟಿ," ಎಂದೆ.

"ಬಂದ ಕಾರಣ" ಎಂಬಲ್ಲಿ ಅವರು ದುಂಡನೆಯ ಟೀಚರ್ ಅಕ್ಷರದಲ್ಲಿ ಮೂರು ವಾಕ್ಯ ಬರೆದಿದ್ದರು. "ಅಕ್ಕ ತೀರಿಕೊಂಡಳು. ಮೂವತ್ತು ದಿನ ಮುಗಿಯಿತು. ಮದುವೆಗೆ ಕರೆಯುತ್ತಿದ್ದಾರೆ." ಡೈರೆಕ್ಟರ್ ಮೇಡಂ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಗಂಭೀರವಾಗಿ ಹೇಳಿದರು: "ಒತ್ತಾಯದ ಮದುವೆ ಇರಬಹುದು. ಈ ವಯಸ್ಸಿನಲ್ಲಿ! ಅವರ ಸಂಸ್ಕೃತಿಯಲ್ಲಿ ಹೀಗೂ ಇರುತ್ತದೋ ಏನೋ. ಮುಕ್ತ ಮನಸ್ಸಿನಿಂದ ಕಾಣಬೇಕು."

ಮೊದಲು ಸಿಕ್ಕಿದವನು ಆಸ್ಟ್ರೇಲಿಯಾದಲ್ಲಿ ಓದಿ ಬಂದಿದ್ದ ಒಬ್ಬ ಯುವಕ. ಒಳ್ಳೆಯವನು, ಮಹಾ ಶ್ರದ್ಧಾವಂತ. ಮುಂದಿನ ಮಂಗಳವಾರದೊಳಗೆ ಲೈಬ್ರರಿಯಿಂದ ಒಂದು ರಾಶಿ ಪುಸ್ತಕ ತಂದು ಓದಿದ. ಮಧ್ಯಾಹ್ನದ ಊಟದ ಹೊತ್ತಿನಲ್ಲೂ ಓದಿದ. ಓದುತ್ತಾ ಓದುತ್ತಾ ಮುಖ ಬಿಳುಚಿಕೊಂಡಿತು. ಯಹೂದಿಗಳು ಹಂದಿ ಮಾಂಸ ಮುಟ್ಟುವುದಿಲ್ಲ ಎಂದು ಅವನಿಂದ ತಿಳಿದ ಮೇಡಂ, ಮಂಗಳವಾರ ಕೇಂದ್ರದೊಳಗೆ ಯಾರೂ ಹಂದಿ ಮಾಂಸದ ಬನ್ ತರಕೂಡದೆಂದು ಫ್ರಿಜ್ಜಿನ ಮೇಲೆ ನೋಟಿಸ್ ಅಂಟಿಸಿದರು. ಎರಡು ವರ್ಷದಿಂದ ನಾನು ಅದೇ ಫ್ರಿಜ್ಜಿನಲ್ಲಿ ಆ ಬನ್ನುಗಳ ಕೆಳಗೆ ನನ್ನ ಮೊಸರನ್ನದ ಡಬ್ಬಿ ಇಡುತ್ತಿದ್ದೆ. ನನ್ನ ಸಂಸ್ಕೃತಿಯ ಸೂಕ್ಷ್ಮತೆ ಅತ್ತೆಯಲ್ಲಿಗೇ ಮುಗಿದಿದ್ದರಿಂದ ಮೊಸರನ್ನದವರೆಗೆ ಅದು ಬಂದಿರಲಿಲ್ಲ.

"ನಾನು ತಲೆಗೆ ಟೋಪಿ ಹಾಕಿಕೊಳ್ಳಬೇಕಾ?" ಎಂದು ಅವನು ನನ್ನನ್ನು ಕೇಳಿದ.

"ಅವರನ್ನೇ ಕೇಳಿ," ಎಂದೆ.

"ಕೇಳಿದರೆ ಸೂಕ್ಷ್ಮತೆ ಇಲ್ಲ ಅಂದುಕೊಳ್ಳುತ್ತಾರೆ."

ಐವತ್ತು ನಿಮಿಷದ ಮೇಲೆ ಬಾಗಿಲು ತೆರೆದಾಗ ಅಳುತ್ತಿದ್ದವನು ಅವನು. ಆಂಟಿ ಅವನ ಭುಜ ತಟ್ಟಿ ಒಳಗೆ ಕೂರಿಸಿ ಬಂದು, ಮೇಜಿನ ಮೇಲಿದ್ದ ಟಿಶ್ಯೂ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು. "ಇದನ್ನ ಒಳಗೆ ಕೊಟ್ಟು ಬಾ, ಅವನಿಗೆ ಬೇಕಾಗುತ್ತೆ, ಗರ್ಲ್."

"ಏನಾಯ್ತು ಆಂಟಿ?"

"ಪೋಲೆಂಡಲ್ಲಿ ನಮ್ಮವರು ಯಾರು ಯಾರು ಸತ್ತರು ಅಂತ ಕೇಳಿದ. ಯಾರೂ ಇಲ್ಲ ಅಂದೆ. ಜರ್ಮನಿಯಲ್ಲಿ? ಅಲ್ಲೂ ಇಲ್ಲ ಅಂದೆ. ನಮ್ಮ ತಾತ ಬಗ್ದಾದಿನವರು, ಬಾಂಬೆಗೆ ಬಂದು, ಅಲ್ಲಿಂದ ಇಲ್ಲಿಗೆ ಬಂದವರು. ಬೆಳಿಗ್ಗೆ ನಾನು ಏನು ತಿಂದೆ ಗೊತ್ತಾ? ರೊಟ್ಟಿ ಪ್ರಾಟಾ, ನಿಮ್ಮ ಪರೋಟಾನೇ. ಅದನ್ನ ಹೇಳಿದ್ರೆ, 'ನೀವು ನೋವನ್ನ ನಿರಾಕರಿಸ್ತಾ ಇದೀರಿ' ಅಂತ ಅವನೇ ಅಳೋಕೆ ಶುರು ಮಾಡಿದ."

ಕೊಡೆಯ ಗುಂಡಿ ಹಾಕಿದರು. "ಕ್ಯಾಂಪಲ್ಲಿ ನಾನೂ ಇದ್ದೆ. ಇಲ್ಲೇ, ಈ ಊರಲ್ಲೇ. ಯುದ್ಧದ ಕಾಲದಲ್ಲಿ ಜಪಾನಿನವರು ಹಿಡಿದು ಹಾಕಿದ್ರು. ನಾನು ಚಿಕ್ಕವಳು, ಅಕ್ಕ ಅವಳ ಪಾಲಿನ ಗಂಜಿ ನನಗೆ ಹಾಕ್ತಿದ್ಲು. ಅದನ್ನ ಅವನು ಕೇಳಲಿಲ್ಲ. ಅವನ ಪುಸ್ತಕದಲ್ಲಿ ಇರಲಿಲ್ಲ ಅಂತ ಕಾಣುತ್ತೆ."

ಫಾರಂನ ಮೂರು ವಾಕ್ಯದ ಅರ್ಥ ನನಗೆ ಗೊತ್ತಾದದ್ದು ಅವತ್ತು. ಅವರ ಧರ್ಮದಲ್ಲಿ ಸಾವಿನ ದುಃಖಕ್ಕೆ ಲೆಕ್ಕವಿದೆಯಂತೆ. ತಂದೆಯೋ ತಾಯಿಯೋ ಹೋದರೆ ಒಂದು ವರ್ಷ. ಗಂಡ, ಮಕ್ಕಳು, ಅಣ್ಣ, ತಂಗಿ ಯಾರೇ ಹೋದರೂ ಮೂವತ್ತು ದಿನ. ಅಷ್ಟು ಕಾಲ ಹಾಡು, ಕುಣಿತ, ಮದುವೆಯೂಟ ಇಲ್ಲ. ಆಂಟಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡಿದ್ದರು. ಹನ್ನೆರಡು ವರ್ಷದ ಅಕ್ಕನೇ ಸಾಕಿದಳು. ಇಬ್ಬರೂ ಮದುವೆಯಾಗದೆ ಜೀವಮಾನವಿಡೀ ಒಟ್ಟಿಗೇ ಇದ್ದರು. ಈಗ ಎರಡು ತಿಂಗಳಲ್ಲಿ ಸೋದರಸಂಬಂಧಿಯ ಮಗನ ಮದುವೆ. ಮೂವತ್ತು ದಿನ ಮುಗಿಯಿತಲ್ಲ, ಇನ್ನೇನು, ಬಂದು ಕುಣಿ ಎಂದು ಎಲ್ಲರೂ ಫೋನ್ ಮಾಡುತ್ತಿದ್ದರು.

"ನನಗೆ ಅವಳು ಅಕ್ಕನಾ, ಅಮ್ಮನಾ?" ಎಂದು ಆಂಟಿ ಕೇಳಿದರು. "ಅಕ್ಕ ಅಂದ್ರೆ ಮುಗೀತು. ಅಮ್ಮ ಅಂದ್ರೆ ಇನ್ನೂ ಹತ್ತು ತಿಂಗಳು ಇದೆ. ಅಷ್ಟೇ ನನ್ನ ಪ್ರಶ್ನೆ. ಇದಕ್ಕೆ ಪೋಲೆಂಡ್ ಯಾಕೆ?"

ಎರಡನೆಯ ಕೌನ್ಸೆಲರ್ ಇಂಗ್ಲೆಂಡಿನವರು. ಕೊರಳಲ್ಲಿ ಮೂರು ದೇಶದ ಮಣಿಸರ, ಕೋಣೆಯಲ್ಲಿ ಟಿಬೆಟಿನ ಗಂಟೆ. ಅವರು ಯಾವ ಪುಸ್ತಕವನ್ನೂ ಓದಲಿಲ್ಲ. ಅವರ ಪ್ರತಿಯೊಂದು ಪ್ರಶ್ನೆಯೂ "ನಿಮ್ಮ ಸಂಸ್ಕೃತಿಯಲ್ಲಿ" ಎಂದೇ ಶುರುವಾಗುತ್ತಿತ್ತು. ನಿಮ್ಮ ಸಂಸ್ಕೃತಿಯಲ್ಲಿ ಹೆಂಗಸರು ಅಳಬಹುದೇ? ನಿಮ್ಮ ಸಂಸ್ಕೃತಿಯಲ್ಲಿ ಕಿಟಕಿ ತೆರೆದರೆ ಪರವಾಗಿಲ್ಲವೇ? ಯಹೂದಿ ತಾಯಂದಿರು ಮಕ್ಕಳನ್ನು ತಿನ್ನು ತಿನ್ನು ಎಂದು ಪೀಡಿಸುತ್ತಾರೆ ಎಂದು ಅವರು ಯಾವುದೋ ಸಿನಿಮಾದಲ್ಲಿ ನೋಡಿದ್ದರು.

"ನಿಮ್ಮ ತಾಯಿ ನಿಮ್ಮನ್ನು ಬಹಳ ಹತೋಟಿಯಲ್ಲಿ ಇಟ್ಟಿದ್ದರಲ್ಲವೇ?" ಎಂದು ಕೇಳಿದರಂತೆ.

"ನನಗೆ ನಾಲ್ಕು ವರ್ಷ ಇದ್ದಾಗ ಸತ್ತಳು," ಎಂದರಂತೆ ಆಂಟಿ.

"ಆಮೇಲೆ?"

ಆಂಟಿ ಇದನ್ನು ಹೇಳುವಾಗ ನಾನು ನಗಬಾರದೆಂದು ಸ್ಟೇಪ್ಲರಿಗೆ ಪಿನ್ನು ತುಂಬುತ್ತಿದ್ದೆ. ಕೊನೆಗೆ ಮೂವತ್ತು ದಿನದ ವಿಷಯ ಬಂದಾಗ ಆ ಮೇಡಂ ಆಂಟಿಯ ಕೈಹಿಡಿದು, "ದುಃಖಕ್ಕೆ ಗಡುವು ಅನ್ನುವುದೇ ಇಲ್ಲ" ಎಂದರಂತೆ. ಮೊದಲನೆಯವನೂ ಇದನ್ನೇ ಹೇಳಿದ್ದ. ನಮ್ಮ ಕೇಂದ್ರದ ಕರಪತ್ರದಲ್ಲೂ ಮೊದಲ ಪುಟದಲ್ಲೇ, ಸೂರ್ಯೋದಯದ ಚಿತ್ರದ ಕೆಳಗೆ ಇದೇ ವಾಕ್ಯ ಇತ್ತು.

"ಗಡುವು ಇಲ್ಲ ಅಂದ್ರೆ ಏನರ್ಥ?" ಆಂಟಿಗೆ ಸಿಟ್ಟು ಬಂದಿತ್ತು. "ನನಗೆ ಗಡುವು ಬೇಕು. ಒಂದು ವರ್ಷ ಬೇಕು. ಯಾರಾದ್ರೂ ಕೊಡಬೇಕು. ಇವರು ಸಾಯೋ ತನಕ ಅಳ್ತಾ ಇರು ಅಂತಾರೆ, ಅವರು ನಾಳೆನೇ ಕುಣಿ ಅಂತಾರೆ."

ಡೈರೆಕ್ಟರ್ ಮೇಡಂಗೆ ಇದು ಪ್ರತಿಷ್ಠೆಯ ಪ್ರಶ್ನೆಯಾಯಿತು. "ಇದಕ್ಕೆ ಯಹೂದಿ ಥೆರಪಿಸ್ಟೇ ಆಗಬೇಕು. ಸಿಂಗಪುರದಲ್ಲಿ ಎಲ್ಲಿದ್ದರೂ ಹುಡುಕು," ಎಂದು ನನಗೆ ಹೇಳಿದರು. ಆಗ ಇಂಟರ್ನೆಟ್ಟು ನಮ್ಮಂಥವರ ಮೇಜಿಗೆ ಬಂದಿರಲಿಲ್ಲ. ಹಳದಿ ಹಾಳೆಯ ದಪ್ಪ ಡೈರೆಕ್ಟರಿ ಬಿಚ್ಚಿಕೊಂಡು ಎರಡು ದಿನ ಫೋನ್ ಮಾಡಿದೆ. ಒಂದು ಕ್ಲಿನಿಕ್ಕಿನ ಹುಡುಗಿ, "ಯಹೂದಿ ಇಲ್ಲ, ಕ್ರಿಶ್ಚಿಯನ್ ಇದ್ದಾರೆ, ಅರ್ಧ ಪುಸ್ತಕ ಒಂದೇ ಅಲ್ಲವಾ, ನಡೆಯುತ್ತಾ?" ಎಂದು ಕೇಳಿದಳು. ಇನ್ನೊಬ್ಬಳು ಯಹೂದಿ ಅಂದರೆ ಯಾವ ಕಾಯಿಲೆ, ಸ್ಪೆಲ್ಲಿಂಗ್ ಹೇಳಿ ಎಂದಳು. ಮತ್ತೊಂದು ಕಡೆ ಡಾಕ್ಟರ ಹೆಸರು ಯಹೂದಿ ಹೆಸರಿನ ಹಾಗೆ ಕೇಳಿಸಿತೆಂದು ಆಸೆಯಿಂದ ಫೋನನ್ನು ಅವರಿಗೇ ಕೊಡಿಸಿದೆ. ಅವರು ಜರ್ಮನಿಯವರು. "ನಾನು ಲೂಥರನ್ ಕ್ರಿಶ್ಚಿಯನ್," ಎಂದರು ಬಹಳ ವಿಷಾದದಿಂದ. "ಬೇಕಿದ್ದರೆ ಪ್ರಯತ್ನ ಮಾಡಬಹುದು." ಅವರು ಪ್ರಯತ್ನ ಮಾಡುವುದು ಬೇಡವೆಂದು ನನಗೇ ಅನ್ನಿಸಿತು.

ಮೂರನೆಯ ದಿನ ಸಿಕ್ಕಿದರು. ಅಮೆರಿಕದವರು, ಬ್ಯಾಂಕಿನ ಅಧಿಕಾರಿಯೊಬ್ಬರ ಹೆಂಡತಿ, ಸರಿಯಾದ ಡಿಗ್ರಿ, ಅಪ್ಪಟ ಯಹೂದಿ. ತಮ್ಮ ಕಾಂಡೋ ಫ್ಲ್ಯಾಟಿನಲ್ಲೇ ಕ್ಲೈಂಟುಗಳನ್ನು ನೋಡುತ್ತಿದ್ದರು. ನಾನು ಲಾಟರಿ ಹೊಡೆದವಳ ಹಾಗೆ ಮೇಡಂ ಕೋಣೆಗೆ ಓಡಿದೆ. ಮೇಡಂ ಎದ್ದು ನಿಂತು ನನ್ನ ಕೈ ಕುಲುಕಿದರು. ಅವತ್ತು ರಾತ್ರಿಯ ಊಟಕ್ಕೆ ನಾನು ಗಂಡನಿಗೆ ಪಾಯಸ ಮಾಡಿ ಬಡಿಸಿದೆ. ಯಾಕೆಂದು ಕೇಳಿದ್ದಕ್ಕೆ "ಕಾನ್ಫಿಡೆನ್ಶಿಯಲ್" ಎಂದೆ.

ವಾರದ ಮೇಲೆ ಆಂಟಿ ನನ್ನ ಮೇಜಿನ ಮುಂದೆ ಹಾಜರು.

"ಹೇಗಿತ್ತು ಆಂಟಿ?"

"ಒಳ್ಳೇ ಹೆಂಗಸು. ನನಗೆ ಗೊತ್ತು ಅವಳನ್ನ. ಶನಿವಾರ ಪ್ರಾರ್ಥನೆಗೆ ಬಂದಾಗ ನನ್ನ ಹಿಂದಿನ ಸಾಲಲ್ಲಿ ಕೂರ್ತಾಳೆ. ಅಕ್ಕ ಸತ್ತಾಗ ಮನೆಗೆ ಬೇಯಿಸಿದ ಮೊಟ್ಟೆ ತಂದುಕೊಟ್ಟವಳು ಅವಳೇ."

ಸಿಂಗಪುರದ ಯಹೂದಿಗಳೆಲ್ಲ ಸೇರಿದರೆ ನಮ್ಮ ಎರಡು ಬ್ಲಾಕಿನ ಜನರಷ್ಟೂ ಇರಲಿಕ್ಕಿಲ್ಲ ಎಂದು ಆಂಟಿ ಹೇಳಿದರು. ಅವರಲ್ಲಿ ಮದುಮಗನ ತಾಯಿ ಇದೇ ಥೆರಪಿಸ್ಟ್ ಜೊತೆ ಬುಧವಾರ ಇಸ್ಪೀಟು ಆಡುತ್ತಾರೆ. "ಅವಳು ಬಾಯಿ ಬಿಡಲ್ಲ, ಅದು ನನಗೂ ಗೊತ್ತು. ಆದ್ರೆ ಬುಧವಾರ ಬಂದ್ರೆ ನಾನು ಫೋನೇ ಎತ್ತಲ್ಲ. ಅದೂ ಅಲ್ಲದೆ, ನಮ್ಮ ಅಜ್ಜಿಯಂದಿರ ಭಾಷೆ ಅಂತ ಯುರೋಪಿನ ಕಡೆಯದು ಏನೋ ಒಂದು ಮಾತಾಡಿದಳು, ನಾನು ಕೇಳೇ ಇಲ್ಲ ಅದನ್ನ. ನಮ್ಮ ಅಜ್ಜಿ ಅರಬ್ಬಿಯಲ್ಲಿ ಬೈತಿದ್ದಳು, ಮಲಯ್‌ನಲ್ಲಿ ಮುದ್ದು ಮಾಡ್ತಿದ್ದಳು. ಇವಳು ತಿನ್ನೋಕೆ ಸಿಹಿಯಾಗಿರೋ ಮೀನಿನ ಉಂಡೆ ಕೊಟ್ಟಳು. ಇದು ನಮ್ಮೆಲ್ಲರ ಮನೆಯ ರುಚಿ ಅಂದಳು. ಸಿಹಿ ಮೀನು! ಮೆಣಸಿನಕಾಯಿ ಇಲ್ಲ, ಏನಿಲ್ಲ."

"ಮೂವತ್ತು ದಿನದ ವಿಷಯ?"

"ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. 'ಶಾಸ್ತ್ರದ ಪ್ರಕಾರ ಮುಗಿದಿದೆ, ನೀವು ಮದುವೆಗೆ ಹೋಗಬಹುದು' ಅಂದಳು."

ನಮ್ಮ ಕನ್ನಡದವರ ಸ್ಥಿತಿಯೂ ಬೇರೆ ಇರಲಿಲ್ಲ. ಬುಕಿತ್ ಬಾಟೋಕ್‌ನಲ್ಲಿ ಕನ್ನಡ ಬರುವ ಒಬ್ಬ ಡಾಕ್ಟರ್ ಇದ್ದರು. ಕೂರುವ ಜಾಗದಲ್ಲಿ ಕುರು ಎದ್ದಿದೆಯೆಂದು ನನ್ನ ಗಂಡ ಅವರ ಹತ್ತಿರ ಹೋಗಿ, ತಾಯ್ನುಡಿಯಲ್ಲಿ ಸಂಕಟ ತೋಡಿಕೊಂಡು ಹಗುರಾಗಿ ಬಂದರು. ಮುಂದಿನ ಗಣೇಶ ಹಬ್ಬದ ಊಟದ ಸಾಲಿನಲ್ಲಿ ಡಾಕ್ಟರ ಹೆಂಡತಿ ಎಲ್ಲರೆದುರು, "ಏನ್ ಸಾರ್, ಈಗ ಕೂತ್ಕೊಂಡು ಊಟ ಮಾಡೋಕಾಗುತ್ತಾ, ಇಲ್ಲ ಬಫೆ ಅರೇಂಜ್ ಮಾಡ್ಲಾ?" ಎಂದು ಅಕ್ಕರೆಯಿಂದ ವಿಚಾರಿಸಿದರು. ಅಲ್ಲಿಂದ ಮುಂದೆ ನಮ್ಮವರು ಎಲ್ಲ ರೋಗವನ್ನೂ ಒಬ್ಬ ಚೀನೀ ಡಾಕ್ಟರಿಗೆ, ಅರ್ಧಂಬರ್ಧ ಇಂಗ್ಲಿಷಿನಲ್ಲಿ, ನೆಮ್ಮದಿಯಾಗಿ ಹೇಳುತ್ತಿದ್ದರು. ನಮ್ಮನ್ನು ಬಲ್ಲವರು ನಮ್ಮ ನೆಂಟರು. ನೆಂಟರಲ್ಲದವರಿಗೆ ನಾವು ಗೊತ್ತಿಲ್ಲ. ಇವೆರಡರ ನಡುವೆ ಐವತ್ತು ನಿಮಿಷ ಕೂರುವುದಕ್ಕೆ ಒಂದು ಕುರ್ಚಿ ಎಲ್ಲಿಂದ ತರುವುದು?

ಕೇಂದ್ರದ ನಿಯಮದಂತೆ ಕೌನ್ಸೆಲರನ್ನು ಬಿಟ್ಟ ಕ್ಲೈಂಟ್ ಅಭಿಪ್ರಾಯದ ಫಾರಂ ತುಂಬಬೇಕಿತ್ತು. ನಾಲ್ಕು ಪುಟ, ಒಬ್ಬ ಕೌನ್ಸೆಲರ್‌ಗೆ ಒಂದರಂತೆ. ಕಾಂಡೋದವರ ಹತ್ತಿರ ಕಳಿಸಿದ್ದೂ ನಾವೇ ಆದ್ದರಿಂದ ಆಂಟಿಗೆ ಮೂರು ಫಾರಂ ಬಾಕಿ ಇತ್ತು. ನನ್ನ ಮೇಜಿನ ಪಕ್ಕದಲ್ಲೇ ಕೂತು ಅವರು ತುಂಬತೊಡಗಿದರು. "ನಿಮ್ಮ ಕೌನ್ಸೆಲರ್‌ನ ಸಾಂಸ್ಕೃತಿಕ ಸೂಕ್ಷ್ಮತೆಗೆ ಒಂದರಿಂದ ಐದರೊಳಗೆ ಅಂಕ ಕೊಡಿ" ಎಂಬಲ್ಲಿ ಚೀಲದಿಂದ ಕೆಂಪು ಪೆನ್ನು ತೆಗೆದು, "ಶ್ರಮ ಕಾಣುತ್ತದೆ, ವಿಷಯ ತಪ್ಪಿದೆ" ಎಂದು ಬರೆದರು. ನಮ್ಮ ಫಾರಂನ ಎರಡು ವ್ಯಾಕರಣ ದೋಷವನ್ನೂ ತಿದ್ದಿದರು. ನಡುನಡುವೆ ಮಾತಾಡಿದರು. ಅಕ್ಕ ಶುಕ್ರವಾರ ಸಂಜೆ ದೀಪ ಹಚ್ಚುವ ಮುಂಚೆ ಮನೆಯೆಲ್ಲ ಗುಡಿಸಿ, ಆಮೇಲೆ ತಾನು ಗುಡಿಸಿದ್ದು ಸರಿಯಿಲ್ಲವೆಂದು ತಂಗಿಗೆ ಬೈಯುತ್ತಿದ್ದದ್ದು. ಕ್ಯಾಂಪಿನಿಂದ ಹೊರಬಂದ ಮೇಲೂ ವರ್ಷಗಟ್ಟಲೆ ತನ್ನ ತಟ್ಟೆಯಿಂದ ಒಂದು ಹಿಡಿ ಅನ್ನ ತೆಗೆದು ತಂಗಿಯ ತಟ್ಟೆಗೆ ಹಾಕುತ್ತಿದ್ದದ್ದು. ತಂಗಿಗೆ ಮೂವತ್ತಾಗಿ, ಮೈ ತುಂಬಿ, ಡಾಕ್ಟರ್ ಊಟ ಕಡಿಮೆ ಮಾಡಲು ಹೇಳಿದ ಮೇಲೂ. ನಾನು ಫೋನ್ ಬಂದರೆ ಎತ್ತುತ್ತಿದ್ದೆ, ಇಟ್ಟು ಮತ್ತೆ ಕೇಳುತ್ತಿದ್ದೆ. ಐವತ್ತು ನಿಮಿಷಕ್ಕೆ ಎರಡು ಪುಟ ಆಯಿತು.

"ಉಳಿದದ್ದು ಮುಂದಿನ ಮಂಗಳವಾರ ಬರೀತೀನಿ," ಎಂದು ಎದ್ದರು.

ಹಾಗೆ ಆರು ಮಂಗಳವಾರ ಬಂದರು. ಇಷ್ಟು ವಿವರವಾಗಿ ಅಭಿಪ್ರಾಯ ಕೊಡುವ ಕ್ಲೈಂಟನ್ನು ತಾನು ಕಂಡೇ ಇಲ್ಲವೆಂದು ಡೈರೆಕ್ಟರ್ ಮೇಡಂ ಖುಷಿಪಟ್ಟು, ಆಂಟಿಗೆ ಒಂದು ಮೆತ್ತನೆಯ ಕುರ್ಚಿ ಹಾಕಿಸಿದರು.

ಎರಡನೆಯ ಮಂಗಳವಾರ ಆಂಟಿ ಪೆನ್ನು ಕೆಳಗಿಟ್ಟು, "ನಿಮ್ಮಲ್ಲಿ ಎಷ್ಟು ದಿನ?" ಎಂದು ಕೇಳಿದರು.

ನಮ್ಮಲ್ಲಿ ಸೂತಕ ಎನ್ನುತ್ತೇವೆ, ಮಕ್ಕಳಿಗೆ ಇಷ್ಟು, ದಾಯಾದಿಗಳಿಗೆ ಇಷ್ಟು ಎಂದು ವಿವರಿಸಿದೆ. ಆಮೇಲೆ ನನ್ನ ಬಾಯಿಂದ ತಾನಾಗಿ ಬಂತು. "ಮದುವೆಯಾದ ಮಗಳಿಗೆ ತಾಯಿ ಸತ್ತರೆ ಮೂರು ದಿನ."

"ಮೂರಾ? ಅಯ್ಯೋ ಗರ್ಲ್, ನನಗಿಂತ ಕಡೆ ನೀನು!"

ಇಬ್ಬರೂ ನಕ್ಕೆವು. ಒಳಗಿನಿಂದ ಟಿಬೆಟಿನ ಗಂಟೆ ಕೇಳಿಸಿತು, ಬಾಯಿ ಮುಚ್ಚಿಕೊಂಡೆವು. ನನ್ನ ಅಮ್ಮ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಉಡುಪಿಯಿಂದ ಅಣ್ಣ ಫೋನ್ ಮಾಡಿದಾಗ ಗಂಡ, "ಈಗ ಟಿಕೆಟ್ ಬುಕ್ ಮಾಡಿದ್ರೂ ನೀನು ರೀಚ್ ಆಗೋವಷ್ಟರಲ್ಲಿ ಎಲ್ಲಾ ಮುಗಿದಿರುತ್ತೆ ಕಣೇ," ಎಂದರು. ಅದು ನಿಜವೇ ಆಗಿತ್ತು. ಅಣ್ಣನೂ "ನಿಂಗೆ ಮೂರೇ ದಿನ ಮಾರಾಯ್ತಿ, ಅಲ್ಲೇ ಸ್ನಾನ ಮಾಡು, ಸಾಕು," ಎಂದ. ನಾಲ್ಕನೆಯ ದಿನ ಗಂಡನ ಆಫೀಸಿನವರ ಮಗಳ ಹುಟ್ಟುಹಬ್ಬ. ಮೂರು ದಿನ ಆಯಿತಲ್ಲ, ಬನ್ನಿ ಎಂದರು. ಹೋದೆ. ಎಲ್ಲರ ಜೊತೆ ಚಪ್ಪಾಳೆ ತಟ್ಟಿ ಹಾಡಿದೆ. ಕೇಕಿನ ಮೇಲಿನ ಗುಲಾಬಿ ನನ್ನ ಪಾಲಿಗೆ ಬಂದಿತ್ತು, ಅದನ್ನೂ ತಿಂದೆ. ಇದನ್ನು ಆ ತನಕ ಯಾರಿಗೂ ಹೇಳಿರಲಿಲ್ಲ. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವಳಿಗೆ ಅದು ಹೇಳಬೇಕಾದ ಸಂಗತಿ ಎಂದೂ ಹೊಳೆದಿರಲಿಲ್ಲ.

ಆಂಟಿ ದುಃಖಕ್ಕೆ ಗಡುವಿಲ್ಲ ಎನ್ನಲಿಲ್ಲ. "ಕೇಕ್ ಯಾವ ಫ್ಲೇವರ್?" ಎಂದರು.

"ಸ್ಟ್ರಾಬೆರಿ."

"ಛೆ," ಎಂದು ಫಾರಂ ಬರೆಯುವುದನ್ನು ಮುಂದುವರಿಸಿದರು.

ಮೂರನೆಯ ಮಂಗಳವಾರ ನಾನೇ ಕೇಳಿದೆ. "ಆಂಟಿ, ಒಂದು ವರ್ಷ ಕೊಡೋ ಅಧಿಕಾರ ನಿಮ್ಮಲ್ಲಿ ಯಾರಿಗೂ ಇಲ್ವಾ?"

ಇತ್ತಂತೆ. ಬಟ್ಟೆ ವ್ಯಾಪಾರ ಬಿಟ್ಟು ಮನೆಯಲ್ಲಿ ಶಾಸ್ತ್ರ ಓದಿಕೊಂಡಿದ್ದ ಒಬ್ಬ ಹಿರಿಯರು. ಎಲ್ಲರೂ ಸಂದೇಹ ಬಂದರೆ ಅವರನ್ನೇ ಕೇಳುವುದು.

"ಮತ್ತೆ ಕೇಳಬಾರದಾ?"

ಆಂಟಿ ಕಿಟಕಿಯ ಕಡೆ ನೋಡಿದರು. "ಅವರ ಮಗನ್ನ ಗಣಿತದಲ್ಲಿ ಎರಡು ಸಲ ಫೇಲ್ ಮಾಡಿದ್ದೆ."

ಅದಾಗಿ ಇಪ್ಪತ್ತೈದು ವರ್ಷವಾಗಿತ್ತು. ಆ ಮಗ ಈಗ ಅಕೌಂಟೆಂಟ್. ಆದರೂ ಅಪ್ಪ ಸೇಡು ತೀರಿಸಿಕೊಳ್ಳುತ್ತಾರೆ, ಮೂವತ್ತು ದಿನ ಎಂದರೆ ಮೂವತ್ತೇ ಎಂದುಬಿಡುತ್ತಾರೆ ಎಂಬ ಹೆದರಿಕೆ. ಅವರು ಇಲ್ಲ ಎಂದರೆ ಅಲ್ಲಿಗೆ ಎಲ್ಲ ಮುಗಿಯಿತು. ಅದಕ್ಕೇ ಮೊದಲು ಕೌನ್ಸೆಲರ್ ಹುಡುಕಿ ಬಂದದ್ದು. ಮೂರು ತಜ್ಞರು ಸೇರಿ ಹೊರತೆಗೆಯಲಾಗದ ಗುಟ್ಟು ಇದು. ನಾವಿಬ್ಬರೂ ಸ್ಟೇಪ್ಲರನ್ನು ಆ ಹಿರಿಯರೆಂದು ಭಾವಿಸಿ ಹೇಗೆ ಕೇಳಬೇಕೆಂದು ಅಭ್ಯಾಸ ಮಾಡಿದೆವು. ಶುರುವಿನಲ್ಲಿ ಮಗನ ಯೋಗಕ್ಷೇಮ ಕೇಳಬೇಕೋ ಬೇಡವೋ ಎಂಬುದಕ್ಕೇ ಕಾಲು ಗಂಟೆ ಹಿಡಿಯಿತು. ಬೇಡ ಎಂದು ತೀರ್ಮಾನವಾಯಿತು.

ಮುಂದಿನ ವಾರ ಆಂಟಿ ಮೆಟ್ಟಿಲು ಹತ್ತುವ ಸದ್ದಿನಲ್ಲೇ ನನಗೆ ಗೊತ್ತಾಯಿತು.

"ಅವರಿಗೆ ಮಗನ ಗಣಿತ ನೆನಪೇ ಇಲ್ಲ!" ಎಂದರು. ಅದು ಅವರಿಗೆ ಸ್ವಲ್ಪ ಬೇಸರವನ್ನೂ ತಂದ ಹಾಗಿತ್ತು. "ನಾನು ಪ್ರಶ್ನೆ ಮುಗಿಸೋಕೆ ಮುಂಚೆ ಕೈ ಎತ್ತಿದ್ರು. 'ಕ್ಯಾಂಪಲ್ಲಿ ನಾನೂ ಇದ್ದೆ, ಹದಿನೈದು ವರ್ಷ ಆಗ ನನಗೆ. ನಿಮ್ಮಕ್ಕ ನಿನ್ನನ್ನ ಸೊಂಟದ ಮೇಲೆ ಕೂರಿಸ್ಕೊಂಡು ಗಂಜಿ ಕ್ಯೂನಲ್ಲಿ ನಿಲ್ತಿದ್ದಳು. ಅಷ್ಟು ದೊಡ್ಡ ಹುಡುಗಿ ನೀನು, ಕಾಲು ನೆಲಕ್ಕೆ ತಾಗ್ತಿತ್ತು. ನಾನು ನೋಡಿದೀನಿ' ಅಂದ್ರು."

ಆಂಟಿ ಕುರ್ಚಿಯಲ್ಲಿ ಕೂತು ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. ಅವತ್ತೇ ಮೊದಲ ಸಲ ಅವರು ಅತ್ತದ್ದು. ಟಿಶ್ಯೂ ಪೆಟ್ಟಿಗೆ ಯುವಕನ ಕೋಣೆಯಲ್ಲೇ ಇತ್ತು. ನಾನು ನನ್ನ ಕರವಸ್ತ್ರ ಕೊಟ್ಟೆ.

ಹಿರಿಯರು ಹೇಳಿದ್ದು ಇಷ್ಟು. ಕಡ್ಡಾಯ ಎಷ್ಟು ಎಂದರೆ ಮೂವತ್ತೇ, ಅದನ್ನು ತಾನು ಬದಲಾಯಿಸಲಾರೆ. ಆದರೆ ಸಾಕಿದವಳಿಗಾಗಿ ಮನಸ್ಸಿನಲ್ಲಿ ವರ್ಷ ಹಿಡಿದರೆ ಬೇಡ ಎನ್ನುವುದಕ್ಕೆ ತಾನಾರು? ಮದುವೆಗೆ ಹೋಗು. ಅತಿಥಿಯಾಗಿ ಕೂರಬೇಡ, ಬಡಿಸು. ಬಡಿಸುವವಳು ಊಟಕ್ಕೆ ಬಂದವಳಲ್ಲ. ಸಂಗೀತ ಶುರುವಾದರೆ ಅಡುಗೆಮನೆಗೆ ಹೋಗು. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು.

ಮದುವೆಯಲ್ಲಿ ಆಂಟಿ ರೇಷ್ಮೆ ಫ್ರಾಕಿನ ಮೇಲೆ ಏಪ್ರನ್ ಕಟ್ಟಿಕೊಂಡು ಅನ್ನ ಕೋಳಿ ಬಡಿಸಿದರಂತೆ. ಮದುಮಗನ ತಾಯಿ, "ಇದೇನಿದು, ಕ್ಯಾಟರಿಂಗಿನವರು ಇಲ್ಲವಾ?" ಎಂದು ಬಂದಾಗ ಹಿರಿಯರ ಹೆಸರು ಹೇಳಿ ಅವರ ತಟ್ಟೆಗೂ ಒಂದು ಸೌಟು ಹಾಕಿದರಂತೆ. ಹಾಡು ಶುರುವಾದಾಗ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು, ಪಾತ್ರೆ ತೊಳೆಯುವ ಹೆಂಗಸರಿಗೆ ಅಕ್ಕನ ಕಥೆಯನ್ನು ಮಲಯ್‌ನಲ್ಲಿ ಹೇಳಿದರಂತೆ. "ಒಂದು ಮದುವೆಯಲ್ಲೂ ಇಷ್ಟು ಚೆನ್ನಾಗಿ ಹೊತ್ತು ಹೋಗಿರಲಿಲ್ಲ," ಎಂದರು.

ಅಭಿಪ್ರಾಯದ ಫಾರಂಗಳು ಅಲ್ಲಿಗೆ ಮುಗಿದವು. ಡೈರೆಕ್ಟರ್ ಮೇಡಂ ಹನ್ನೆರಡು ಪುಟವನ್ನೂ ಓದಿ, ನಮ್ಮ ಕೇಂದ್ರದ ಸಾಂಸ್ಕೃತಿಕ ಸೂಕ್ಷ್ಮತೆಯಿಂದ ಒಬ್ಬ ಯಹೂದಿ ಕ್ಲೈಂಟ್ ಸಂಪೂರ್ಣ ಚೇತರಿಸಿಕೊಂಡರೆಂದು ನಮ್ಮ ತ್ರೈಮಾಸಿಕ ಪತ್ರಿಕೆಯಲ್ಲಿ ಲೇಖನ ಬರೆದರು. ಯುವಕನ ಫೋಟೋ ಹಾಕಿದರು. ಚಾರ್ಟ್ ಹೊಸದಾಗಿ ಲ್ಯಾಮಿನೇಟ್ ಆಗಿ ಬಂತು. ಅದರಲ್ಲಿ ಐದನೆಯ ಸಾಲು ಸೇರಿತ್ತು: "ಯಹೂದಿ ಕ್ಲೈಂಟ್: ಮೊದಲು ಅಕ್ಕನ ಬಗ್ಗೆ ಕೇಳಿ." ಮರುವರ್ಷ ವಿಚ್ಛೇದನದ ಸಂಕಟದ ಒಬ್ಬ ಯಹೂದಿ ವಕೀಲರು ಬಂದಾಗ ಹಾಗೇ ಕೇಳಿದರು. ಅವರಿಗೆ ಇದ್ದದ್ದು ಇಬ್ಬರು ತಮ್ಮಂದಿರು. ಅಕ್ಕ ಇರುವುದನ್ನೇ ಅವರು ನಿರಾಕರಿಸುತ್ತಿದ್ದಾರೆಯೇ ಎಂಬ ಬಗ್ಗೆ ಒಂದು ಗಂಟೆ ಮೀಟಿಂಗ್ ನಡೆಯಿತು.

ಫಾರಂ ಮುಗಿದ ಮೇಲೆ ಆಂಟಿಗೆ ಕೇಂದ್ರಕ್ಕೆ ಬರಲು ಕಾರಣ ಉಳಿಯಲಿಲ್ಲ. ನನ್ನ ಕೆಲಸ ಬಿಡುವ ಹೊತ್ತಿಗೆ ಕೆಳಗೆ ಬಂದು ಕಾಯತೊಡಗಿದರು. ಅವರ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಅಂದರೆ ನೆಲಮಹಡಿಯ ಗೋಡೆಯಿಲ್ಲದ ಜಾಗದಲ್ಲಿ, ಕಲ್ಲಿನ ಮೇಜಿನ ಎದುರುಬದುರು ಕೂರುತ್ತಿದ್ದೆವು. ಒಂದು ದಿನ ಅವರು ಟೀಚರಿನ ದನಿಯಲ್ಲಿ ಹೇಳಿದರು: "ನಿನ್ನ ಅಮ್ಮನಿಗೆ ನೀನು ವರ್ಷ ಹಿಡಿದೇ ಇಲ್ಲ."

"ಎರಡು ವರ್ಷ ಆಗಿಹೋಯ್ತಲ್ಲ ಆಂಟಿ."

"ಲೇಟ್ ಸಬ್ಮಿಷನ್. ನಾನು ತಗೋತೀನಿ. ಹೇಳು, ಹೇಗಿದ್ದಳು?"

ನನ್ನ ಅಮ್ಮ ರೇಡಿಯೋದಲ್ಲಿ ಬರುವ ಕೃಷಿ ಕಾರ್ಯಕ್ರಮವನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ, ಭತ್ತದ ಬೆಂಕಿರೋಗಕ್ಕೆ ಯಾವ ಔಷಧಿ ಹೊಡೆಯಬೇಕೆಂದು ಬಾಯಿಪಾಠ ಹೇಳುತ್ತಿದ್ದಳು ಎಂದೆ.

"ಗದ್ದೆ ಎಷ್ಟಿತ್ತು?"

"ಗದ್ದೆ ಇರಲೇ ಇಲ್ಲ ಆಂಟಿ. ಬಾಡಿಗೆ ಮನೆ."

"ಮತ್ತೆ ಯಾಕೆ ಕೇಳ್ತಿದ್ದಳು?"

ಗೊತ್ತಿಲ್ಲ ಎಂದೆ. ನಾನು ಅವಳನ್ನು ಯಾವತ್ತೂ ಕೇಳಿರಲಿಲ್ಲ. ಆಂಟಿ ಕೊಡೆಯನ್ನು ಮೇಜಿಗೆ ಒರಗಿಸಿ, ಗಲ್ಲಕ್ಕೆ ಕೈಕೊಟ್ಟು ಕೂತರು. ನಾನು ರೇಡಿಯೋ ಇದ್ದ ಕಪಾಟಿನಿಂದ ಶುರುಮಾಡಿ ಹೇಳುತ್ತಾ ಹೋದೆ.